ಅಣ್ಣನ ಮೊಮ್ಮಗಳ ಓಸಿಐ ಕಾರ್ಡಿಗೆ 1948ರ ಜನನ ದಾಖಲೆ ಬೇಕು, ಎಲ್ಲಿ ಕೇಳಲಿ?

ಡೊಂಬಿವಲಿ ಅಜ್ಜಿ

ನನ್ನ ದೊಡ್ಡಣ್ಣ 1948ರಲ್ಲಿ ಮುಂಬೈಯ ದಾದರ್ ಪಶ್ಚಿಮದ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದವನು. ಮುಂದೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಪೌರತ್ವ ಪಡೆದ. ಈಗ ಅವನಿಲ್ಲ. ಲೆಸ್ಟರಿನಲ್ಲಿರುವ ಅವನ ಮೊಮ್ಮಗಳಿಗೆ ಇಲ್ಲಿ ಬಂದು ಒಂದೆರಡು ವರ್ಷ ನಮ್ಮ ಜೊತೆ ಇರುವ ಆಸೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಲು "ಅಜ್ಜ ಭಾರತದವರು ಅನ್ನೋ ಕಾಗದ ಬೇಕು ಅಜ್ಜಿ" ಅಂತಾಳೆ. ಅಣ್ಣನ ಹಳೇ ಪಾಸ್‌ಪೋರ್ಟ್ ಎಲ್ಲೂ ಸಿಗುತ್ತಿಲ್ಲ. ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯವರು, ಫೋರ್ಟಿನ ಹೋಟೆಲಿನಲ್ಲಿದ್ದರು. ಕಾಲಾಘೋಡಾದಲ್ಲಿ ಹಳೇ ಕಡತ ಇಡುವ ಸರ್ಕಾರಿ ಪತ್ರಾಗಾರದಲ್ಲಿ ಕೇಳಲಾ? ಇಲ್ಲ ವಿದೇಶಿಯರ ನೋಂದಣಿ ಮಾಡುವ ಎಫ್‌ಆರ್‌ಆರ್‌ಓ ಆಫೀಸಿಗೆ ಹೋಗಲಾ?

ಠಾಣೆ ಹುಡುಗ

ಅಜ್ಜಿ, ಎಫ್‌ಆರ್‌ಆರ್‌ಓ ಇರುವುದು ಭಾರತದೊಳಗೆ ಇರುವ ವಿದೇಶಿಯರಿಗೆ. ಅವಳು ಲೆಸ್ಟರಿನಲ್ಲಿದ್ದಾಳಲ್ವಾ, ಅಲ್ಲಿಂದಲೇ ಆನ್‌ಲೈನ್ ಅರ್ಜಿ ಹಾಕಲಿ. 1950ರ ಜನವರಿ 26ಕ್ಕೆ ಅಥವಾ ಆಮೇಲೆ ಭಾರತದ ಪ್ರಜೆಯಾಗಿದ್ದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳಿಗೂ ಓಸಿಐ ಸಿಗುತ್ತದೆ. ಧೈರ್ಯವಾಗಿರಿ.

ಫೋರ್ಟ್ ಓದುಗ

ಅಕ್ಕ, ಮೊದಲೇ ಪತ್ರಾಗಾರಕ್ಕೆ ಹೋಗಬೇಡಿ. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಆ ಜಾಗ ನನಗೆ ತುಂಬಾ ಇಷ್ಟ, ನನ್ನ ಓದೆಲ್ಲ ಅಲ್ಲೇ. ಆದರೆ ಅಲ್ಲಿರುವುದು ಸರ್ಕಾರಿ ಇಲಾಖೆಗಳ ಕಡತ. ಜನನ ಪ್ರಮಾಣಪತ್ರ ಕೊಡುವುದು ಮುನ್ಸಿಪಾಲಿಟಿ. ಹೆರಿಗೆ ಎಲ್ಲಿ ಆಯಿತೋ ಆ ವಾರ್ಡಿನಲ್ಲಿ ಕೇಳಬೇಕು, ಮನೆ ಇದ್ದ ವಾರ್ಡಿನಲ್ಲಲ್ಲ. ದಾದರ್ ಪಶ್ಚಿಮ ಅಂದರೆ ಜಿ ನಾರ್ತ್ ವಾರ್ಡ್.

ಅಲ್ಲಿ ಅಣ್ಣನ ಹೆಸರು ಹೇಳಿ ಹುಡುಕಿಸಬೇಡಿ. ನಾಮಕರಣಕ್ಕೆ ಮೊದಲೇ ಬರೆಸಿದ್ದರೆ ಹೆಸರಿನ ಜಾಗ ಖಾಲಿ ಇರುತ್ತದೆ. "ಗಂಡು ಮಗು", ಅಪ್ಪ ಅಮ್ಮನ ಹೆಸರು, ವಿಳಾಸ, ಅಷ್ಟೇ. ಅಪ್ಪಯ್ಯನ ಹೆಸರಿನಿಂದ ಹುಡುಕಿಸಿ. ಊರಲ್ಲಿ ಹೊಳ್ಳರಾಗಿದ್ದವರು ಮುಂಬೈಯಲ್ಲಿ ರಾವ್ ಆದದ್ದುಂಟು, ಎರಡೂ ಹೇಳಿ. ಹುಡುಕಿಸಿ ನಕಲು ಪಡೆಯಲು 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಯಾರಿಗೂ ಅವಕಾಶ ಕೊಡುತ್ತದೆ. ಕೌಂಟರಿನಲ್ಲಿ "ನೀವು ಯಾರು" ಅಂತ ಕೇಳಿದರೆ ಅಂಜಬೇಡಿ. ಹೆಸರು ಖಾಲಿ ಇದ್ದರೂ ನಕಲು ತೆಗೆದುಕೊಳ್ಳಿ. ಆ ಮಗು ಅಣ್ಣನೇ ಅಂತ ಅಪ್ಪಯ್ಯನ ಹೆಸರಿನ ಮೂಲಕ ತೋರಿಸಲು ಶಾಲೆಯ ಲೀವಿಂಗ್ ಸರ್ಟಿಫಿಕೇಟ್ ಇದೆ. ಮನೆಯಲ್ಲಿ ಇಲ್ಲದಿದ್ದರೆ ಶಾಲೆಯವರು ಮಕ್ಕಳ ದಾಖಲಾತಿಯ ಜನರಲ್ ರಿಜಿಸ್ಟರ್ ನೋಡಿ ನಕಲು ಕೊಡುತ್ತಾರೆ.

ಅಪ್ಪಯ್ಯನ ಊರಿನ ಕಾಗದಕ್ಕೂ ಕಾಲಾಘೋಡಾ ದಾರಿಯಲ್ಲ. ಬ್ರಿಟಿಷರ ಕಾಲದಲ್ಲಿ ಕುಂದಾಪುರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಮುಂಬೈಗಲ್ಲ. ಕಾರವಾರ, ಅಂಕೋಲದವರ ಕಥೆ ಬೇರೆ, ಆ ಜಿಲ್ಲೆ 1862ರಲ್ಲೇ ಮುಂಬೈ ಪ್ರಾಂತ್ಯಕ್ಕೆ ಬಂತು. ನಮ್ಮ ಘಟ್ಟದ ಕೆಳಗಿನವರು ಇದೊಂದು ಗೊತ್ತಿಲ್ಲದೆ ಸುಮ್ನೆ ಅಲೆಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹುಡುಗಿಗೂ ಒಂದು ಮಾತು ಹೇಳಿ. ಅವಳದ್ದು, ಅವಳಪ್ಪನದ್ದು ಇಬ್ಬರದ್ದೂ ಉದ್ದದ ಜನನ ಪ್ರಮಾಣಪತ್ರ ತೆಗೆಸಲಿ. ಇಂಗ್ಲೆಂಡಿನ ಗಿಡ್ಡ ಪ್ರತಿಯಲ್ಲಿ ತಂದೆ ತಾಯಿ ಹೆಸರೇ ಇರುವುದಿಲ್ಲ. ಅಜ್ಜನ ಪೌರತ್ವದ ಪ್ರಮಾಣಪತ್ರವನ್ನೂ ಹುಡುಕಲಿ. ಹಳೆಯವುಗಳ ಸರ್ಕಾರಿ ಪ್ರತಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಪತ್ರಾಗಾರ ಕೆಲಸಕ್ಕೆ ಬರುವುದು ಅಲ್ಲಿ.

ಡೊಂಬಿವಲಿ ಅಜ್ಜಿ

ತುಂಬಾ ಉಪಕಾರ ಆಯಿತು ತಮ್ಮ. ಇನ್ನೊಂದು ತೊಡಕಿದೆ. ಅಣ್ಣ ಬಲಿಪಾಡ್ಯಮಿ ದಿನ ಹುಟ್ಟಿದ್ದು ಅಂತ ಅಮ್ಮ ಹೇಳುತ್ತಿದ್ದರು. ಶಾಲೆಯಲ್ಲಿ ಜೂನ್ 1 ಅಂತ ಬರೆಸಿದ್ದಾರೆ.

ಫೋರ್ಟ್ ಓದುಗ

ಆಗಿನವರಲ್ಲಿ ಇದು ಜಾಸ್ತಿ ಅಕ್ಕ. ವಾರ್ಡಿನಲ್ಲಿ ನವೆಂಬರ್ ಮೊದಲ ವಾರದ ಪುಟಗಳನ್ನೇ ನೋಡಲು ಹೇಳಿ, ಆ ವರ್ಷದ ದೀಪಾವಳಿ ಆಗಲೇ. ಅಣ್ಣನ ಇಂಗ್ಲೆಂಡಿನ ಕಾಗದದಲ್ಲಿ ಯಾವ ತಾರೀಖಿದೆ ಅಂತ ಮೊಮ್ಮಗಳು ಈಗಲೇ ನೋಡಲಿ. ತಾಳೆ ಆಗದಿದ್ದರೆ ಅರ್ಜಿ ಹಾಕುವ ಮೊದಲು, ಎರಡೂ ಪ್ರತಿ ಲಗತ್ತಿಸಿ ಅಲ್ಲಿನ ಭಾರತೀಯ ದೂತಾವಾಸಕ್ಕೆ ಬರೆದು ಕೇಳಲಿ. ಉತ್ತರ ಬರವಣಿಗೆಯಲ್ಲೇ ಪಡೆಯಲಿ.