ಎರಡನೆಯ ರೌಟರ್ ಹಾಕಿದ ಮೇಲೆ ಗೋದಾಮಿಗೂ ಕಚೇರಿಗೂ ಸಂಪರ್ಕವಿಲ್ಲ

ಗಂಜ್_ಅಡತಿ (ಕಲಬುರಗಿ)
ನೆಹರು ಗಂಜ್‌ನಲ್ಲಿರುವ ನಮ್ಮ ಅಡತಿ ಅಂಗಡಿಯ ಕಚೇರಿಯಲ್ಲಿ ಮೊದಲಿನಿಂದಲೂ ಒಂದು ರೌಟರ್ ಇದೆ. ತೊಗರಿ ಆವಕ ಹೆಚ್ಚಾದ್ದರಿಂದ ಹಿಂದಿನ ಗೋದಾಮಿನಲ್ಲಿಯೂ ಬಿಲ್ ಮಾಡಲೆಂದು ಅಲ್ಲಿಯವರೆಗೆ ಕೇಬಲ್ ಎಳೆಸಿ ಹೊಸ ರೌಟರ್ ಕೂರಿಸಿದ್ದೇವೆ. ಗೋದಾಮಿನಲ್ಲಿ ಇಂಟರ್‌ನೆಟ್ ಬರುತ್ತದೆ, ಆದರೆ ಕಚೇರಿ ಕಂಪ್ಯೂಟರಿನ ಲೆಕ್ಕದ ಫೋಲ್ಡರ್ ಕಾಣುವುದಿಲ್ಲ. ಗೋದಾಮಿನ ಪ್ರಿಂಟರಿಗೆ ಕಚೇರಿಯಿಂದ ಬಿಲ್ ಹೋಗುವುದಿಲ್ಲ. ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಹುಡುಗರು ಚೀಟಿ ಹಿಡಿದು ಓಡಾಡಬೇಕಾಗಿದೆ. ರೌಟರನ್ನೇ ಬದಲಿಸಬೇಕೇ?

ಬೀದರ್_ಕೇಬಲ್
ರೌಟರ್ ಬದಲಿಸಬೇಡಿ, ಮೊದಲು ಕೇಬಲ್ ನೋಡಿ. ಅಗ್ಗದ ಕೇಬಲಿನಲ್ಲಿ ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ತಂತಿ ಇರುತ್ತದೆ. ದೂರ 100 ಮೀಟರ್ ದಾಟಿದರಂತೂ ಯಾವ ಭರವಸೆಯೂ ಇಲ್ಲ. ಕ್ಯಾಟ್ 6 ಎಂಬ ಮೇಲ್ದರ್ಜೆಯ ನೆಟ್‌ವರ್ಕ್ ಕೇಬಲನ್ನೇ ಹಾಕಿಸಿ.

ಯಾದಗಿರಿ_ನೆಟ್
ಹೊಸ ರೌಟರಿನ ಯಾವ ಪೋರ್ಟಿಗೆ ಕೇಬಲ್ ಹಾಕಿದ್ದೀರಿ ಎಂಬುದನ್ನು ನೀವು ಬರೆದಿಲ್ಲ ಸರ್. ಎರಡೂ ಕಡೆಯ ಒಂದೊಂದು ಕಂಪ್ಯೂಟರಿನ ಐಪಿ ವಿಳಾಸವನ್ನೂ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಅಂಕಿಗಳು) ತಿಳಿಸಿ.

ಸೇಡಂ_ಸರ್ವರ್
ಕ್ಯಾಟ್ 6 ಯಾಕೆ? ಒಂದು ಗಿಗಾಬಿಟ್ ವೇಗಕ್ಕೆ 100 ಮೀಟರಿನವರೆಗೆ ಅದಕ್ಕಿಂತ ಕೆಳದರ್ಜೆಯ ಕ್ಯಾಟ್ 5ಇ ಸಾಕು. ವ್ಯಾಪಾರಿಗಳಿಂದ ಇಲ್ಲದ ಖರ್ಚು ಮಾಡಿಸಬಾರದು.

ಬೀದರ್_ಕೇಬಲ್
ಮುಂದಿನ ಅಗತ್ಯವನ್ನೂ ನೋಡಬೇಕಲ್ಲವೇ? ಇವರದು ಕೇಬಲಿನ ದೋಷವೇ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಗಂಜ್_ಅಡತಿ
ಕೇಬಲ್ ನೀಲಿ ಪೋರ್ಟಿನಲ್ಲಿದೆ, ಅದರ ಮೇಲೆ ವ್ಯಾನ್ (WAN) ಎಂದು ಬರೆದಿದೆ. ಕಚೇರಿಯ ಕಂಪ್ಯೂಟರ್ 192.168.1.10, ಗೋದಾಮಿನದು 192.168.0.101. ಗೋದಾಮಿನಿಂದ 192.168.1.10ಕ್ಕೆ ಪಿಂಗ್ ಮಾಡಿದರೆ (ಸಂಪರ್ಕ ಇದೆಯೇ ಎಂದು ಪರೀಕ್ಷಿಸಿದರೆ) ಉತ್ತರ ಬರುತ್ತದೆ, ಕಂಪ್ಯೂಟರಿನ ಹೆಸರು ಕೊಟ್ಟರೆ ಬರುವುದಿಲ್ಲ.

ಯಾದಗಿರಿ_ನೆಟ್
ಹಾಗಾದರೆ ಕೇಬಲ್ ಕೆಲಸ ಮಾಡುತ್ತಿದೆ. ವ್ಯಾನ್ ಎಂದರೆ ಹೊರಗಿನ ನೆಟ್‌ವರ್ಕಿಗೆ ಸೇರಿಸುವ ಪೋರ್ಟ್; ಅದರಲ್ಲಿ ಹಾಕಿದ್ದರಿಂದ ಹೊಸ ರೌಟರ್ ಗೋದಾಮನ್ನು ಬೇರೆಯೇ ನೆಟ್‌ವರ್ಕ್ ಮಾಡಿ, ವಿಳಾಸಗಳನ್ನು ತನ್ನ ಹಿಂದೆ ಮರೆಮಾಡಿದೆ. ಗೋದಾಮಿನವರು ಹೊರಗೆ ಹೋಗಬಲ್ಲರು, ಕಚೇರಿಯವರು ಒಳಗೆ ಬರಲಾರರು. ಹೆಸರು ಹಿಡಿದು ಹುಡುಕುವ, ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವ ಬ್ರಾಡ್‌ಕಾಸ್ಟ್ ಕರೆಯೂ ರೌಟರನ್ನು ದಾಟುವುದಿಲ್ಲ. ಕೇಬಲನ್ನು ಸದ್ಯಕ್ಕೆ ಬಿಚ್ಚಿಟ್ಟು, ಹೊಸ ರೌಟರಿನ ಲ್ಯಾನ್ (ಒಳಗಿನ ನೆಟ್‌ವರ್ಕಿನ) ವಿಳಾಸವನ್ನು 192.168.1.2 ಎಂದು ಬದಲಿಸಿ. ಆ ವಿಳಾಸವನ್ನು ಬೇರಾವ ಸಾಧನಕ್ಕೂ ಕೊಟ್ಟಿರಬಾರದು. ಹೊಸ ರೌಟರಿನ ಡಿಎಚ್‌ಸಿಪಿಯನ್ನು, ಅಂದರೆ ತಾನಾಗಿ ವಿಳಾಸ ಹಂಚುವ ಸೌಲಭ್ಯವನ್ನು, ನಿಲ್ಲಿಸಿದ ಮೇಲೆಯೇ ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಿ. ಈ ಕ್ರಮ ತಪ್ಪಿದರೆ ಒಂದೇ ನೆಟ್‌ವರ್ಕಿನಲ್ಲಿ ಎರಡೂ ರೌಟರ್‌ಗಳು ವಿಳಾಸ ಹಂಚತೊಡಗಿ ಕಚೇರಿಯ ಕೆಲಸವೂ ನಿಲ್ಲುತ್ತದೆ. ನಿಮ್ಮ ರೌಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಮಾಡದೆ ಇರುವುದನ್ನೇ ಮುಂದುವರಿಸುವ ಆಯ್ಕೆ) ಇದ್ದರೆ ಅದೊಂದನ್ನು ಆಯ್ದುಕೊಂಡರೂ ಆಗುತ್ತದೆ.

ಸೇಡಂ_ಸರ್ವರ್
ಗೋದಾಮಿನಲ್ಲಿ ವೈಫೈ ಬೇಡವಾಗಿದ್ದರೆ ಒಂದು ಸಾದಾ ನೆಟ್‌ವರ್ಕ್ ಸ್ವಿಚ್ (ಒಂದೇ ನೆಟ್‌ವರ್ಕಿಗೆ ಹಲವು ಕೇಬಲ್ ಜೋಡಿಸುವ ಪೆಟ್ಟಿಗೆ) ಸಾಕಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಗಂಜ್_ಅಡತಿ
ಹೇಳಿದಂತೆ ಮಾಡಿದೆವು. ಫೋಲ್ಡರ್ ತೆರೆಯುತ್ತಿದೆ, ಬಿಲ್ಲೂ ಗೋದಾಮಿನಲ್ಲಿ ಮುದ್ರಣವಾಗುತ್ತಿದೆ, ತುಂಬಾ ಉಪಕಾರವಾಯಿತು. ಆದರೆ ಲಾರಿ ತೂಗುವ ಕಾಟಾದ ಕಂಪ್ಯೂಟರಿನಲ್ಲಿ ಈಗ ಇಂಟರ್‌ನೆಟ್ ಕೂಡ ಬರುತ್ತಿಲ್ಲ.

ಯಾದಗಿರಿ_ನೆಟ್
ಅದಕ್ಕೆ ಯಾರೋ ಕೈಯಿಂದಲೇ ಗೋದಾಮಿನ ಹಳೆಯ ನೆಟ್‌ವರ್ಕಿನ ವಿಳಾಸ ಬರೆದಿಟ್ಟಿರಬೇಕು. ಆ ವಿಳಾಸ ತೆಗೆದು ತಾನಾಗಿ ಪಡೆಯುವಂತೆ ಮಾಡಿ, ಕಚೇರಿಯ ರೌಟರಿನಲ್ಲಿ ಅದಕ್ಕೊಂದು ವಿಳಾಸವನ್ನು ಕಾಯ್ದಿರಿಸಿ. ಗೇಟ್‌ವೇ (ಹೊರಗೆ ಹೋಗುವ ದಾರಿಯಾದ ಕಚೇರಿಯ ರೌಟರಿನ ವಿಳಾಸ) 192.168.1.1 ಬಂದಿದೆಯೇ ನೋಡಿ.

ಬೀದರ್_ಕೇಬಲ್
ಕೇಬಲ್ ಅಂಗಳದ ಮೇಲೆ ಹಾದುಹೋಗಿದ್ದರೆ ನನ್ನ ಮಾತನ್ನು ಬಿಡಬೇಡಿ. ಸಿಡಿಲು ಹತ್ತಿರದಲ್ಲಿ ಬಿದ್ದರೂ ತಾಮ್ರದ ತಂತಿಯಲ್ಲಿ ವೋಲ್ಟೇಜ್ ನುಗ್ಗಿ ಎರಡೂ ಕಡೆಯ ಪೋರ್ಟ್‌ಗಳು ಸುಡಬಹುದು. ಎರಡು ಕಟ್ಟಡಗಳ ನಡುವೆ ಲೋಹದ ತಂತಿಯಿಲ್ಲದ ಫೈಬರ್ (ಬೆಳಕಿನಲ್ಲಿ ಸಂಕೇತ ಸಾಗಿಸುವ ಕೇಬಲ್) ಎಳೆಸಿ, ಎರಡೂ ತುದಿಗೆ ಆ ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಪರಸ್ಪರ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕುವುದೇ ಸುರಕ್ಷಿತ.

ಗಂಜ್_ಅಡತಿ
ಕಾಟಾದ ಕಂಪ್ಯೂಟರಿನಲ್ಲಿ 192.168.0.50 ಎಂದೇ ಬರೆದಿಟ್ಟಿದ್ದರು. ಬದಲಿಸಿದ ಕೂಡಲೇ ಸಂಪರ್ಕ ಬಂತು. ಕೇಬಲ್ ಅಂಗಳದ ಮೇಲೆಯೇ ತೂಗುತ್ತಿದೆ. ಕಲಬುರಗಿಯಲ್ಲಿ ಫೈಬರ್ ಜೋಡಿಸಿಕೊಡುವವರನ್ನು ಯಾರಾದರೂ ಬಲ್ಲಿರಾ? ಮಳೆಗಾಲಕ್ಕೆ ಮುಂಚೆ ಮಾಡಿಸಬೇಕು.