ಸಮಸ್ಯೆ: ನೀರಿನಲಿ ಹೊತ್ತಿತೈ ಬೆಂಕಿ ನೋಡು

ಗೆಳೆಯರೇ, ಈ ವಾರದ ಸಾಲು ಮೇಲಿದೆ. ಕೇಳಲು ಅಸಾಧ್ಯ ಅನ್ನಿಸುವ ಇಂಥ ಸಾಲೇ 'ಸಮಸ್ಯೆ'; ಅದರ ಹಿಂದೆ ಮೂರು ಸಾಲು ಬರೆದು ಅರ್ಥ ಕೂಡಿಸುವುದೇ 'ಪೂರಣ'. ಐದು ಮಾತ್ರೆಯ (ಉಚ್ಚಾರದ ಅಳತೆಯ) ಗಣಗಳು. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ) 'ರ', ಅದರ ಹಿಂದೆ ಗುರು (ಎರಡು ಮಾತ್ರೆಯ ಅಕ್ಷರ). ಇದೇ ನಾಲ್ಕನೇ ಸಾಲಾಗಬೇಕು. ನಿಮ್ಮ ಪದ್ಯದಲ್ಲಿ ಯಾವ ಅಲಂಕಾರ ಇದೆ ಅಂತಲೂ ಹೇಳಿ.

ಮೊದಲ ಪೂರಣ

ದೂರ ಬಾನಂಚಿನಲಿ ಹೊತ್ತು ಮುಳುಗುವ ಸಮಯ
ಸೂರಿಯನ ಕೆಂಗಿರಣ ಕೆರೆಗೆ ಬಿದ್ದು
ತೀರದಲಿ ನಿಂತವರು ಬೆರಗಾಗಿ ಕೂಗಿದರು
ನೀರಿನಲಿ ಹೊತ್ತಿತೈ ಬೆಂಕಿ ನೋಡು

ಉತ್ಪ್ರೇಕ್ಷೆ ಅಂದುಕೊಂಡು ಬರೆದೆ. ಸರಿ ಅಲ್ವಾ?

ಉತ್ತರ

ಪದ್ಯ ಸೊಗಸಾಗಿದೆ ಮೇಡಂ. ಆದರೆ ಇದು ಉತ್ಪ್ರೇಕ್ಷೆ ಅಲ್ಲ, ಭ್ರಾಂತಿಮಂತ. ಕೆಂಪು ನೀರನ್ನು ಕಂಡವರು ನಿಜಕ್ಕೂ ಬೆಂಕಿ ಅಂತಲೇ ನಂಬಿ ಕೂಗಿದ್ದಾರೆ. ಉತ್ಪ್ರೇಕ್ಷೆಯಲ್ಲಿ ಯಾರೂ ಮೋಸಹೋಗುವುದಿಲ್ಲ. ಇದು ಬೆಂಕಿಯಲ್ಲ ಅಂತ ಗೊತ್ತಿದ್ದೇ ಕವಿ 'ಕೆರೆಗೆ ಬೆಂಕಿ ಬಿದ್ದಿತೋ ಏನೋ' ಎಂದು ಊಹಿಸುತ್ತಾನೆ. 'ನೀರು ಬೆಂಕಿಯಂತೆ ಕೆಂಪಾಗಿತ್ತು' ಅಂದರೆ ಉಪಮೆ. ನೀರು ಉಪಮೇಯ, ಬೆಂಕಿ ಉಪಮಾನ, 'ಅಂತೆ' ವಾಚಕ, ಕೆಂಪು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಬಿಟ್ಟರೂ ಲುಪ್ತೋಪಮೆ. ಕಂಡದ್ದು ಒಂದೇ ಕೆರೆ. ಹೇಳುವ ಬಗೆ ಬದಲಾದರೆ ಅಲಂಕಾರವೂ ಬದಲಾಗುತ್ತದೆ.

ಇನ್ನೊಬ್ಬರು

ಕಡಲೊಳಗೆ ಬಡಬಾಗ್ನಿ ಇದೆಯಲ್ಲ ಸರ್, ಅದನ್ನೇ ತರಬಹುದಾ?

ಉತ್ತರ

ತರಬಹುದು. ಆದರೆ ಪುರಾಣದಲ್ಲೇ ನೀರಿನೊಳಗೆ ಬೆಂಕಿ ಇದ್ದ ಮೇಲೆ ನೀವು ಬಿಡಿಸುವುದೇನು ಉಳಿಯಿತು? ಈ ಸಾಲಿನ ಜೀವ ಇರುವುದು ವಿರೋಧಾಭಾಸದಲ್ಲಿ. ಕೇಳಿದಾಗ ಅಸಾಧ್ಯ ಅನ್ನಿಸಬೇಕು, ಅರ್ಥ ಹೊಳೆದಾಗ ವಿರೋಧ ಕರಗಬೇಕು.

ಎರಡನೇ ಪೂರಣ

ಸೀರೆಯನು ಸೆಳೆವಾಗ ತಲೆ ತಗ್ಗಿಸಿತು ಸಭೆಯು
ಯಾರೊಬ್ಬರೂ ಮಾತನಾಡಲಿಲ್ಲ
ಘೋರ ದುಃಖದಿ ಬೆಂದ ಅಗ್ನಿಪುತ್ರಿಯ ಕಣ್ಣ
ನೀರಿನಲಿ ಹೊತ್ತಿತೈ ಬೆಂಕಿ ನೋಡು

ಉತ್ತರ

ಎಂಥ ಪೂರಣ! ಮೂರನೇ ಸಾಲಿನ ಕೊನೆಯ 'ಕಣ್ಣ' ನೋಡಿ. ಆ ಒಂದೇ ಪದದಿಂದ ಕೊಟ್ಟ ಸಾಲಿನ ನೀರು ಕಣ್ಣೀರಾಯಿತು. ಸಮಸ್ಯೆಯ ಒಂದು ಅಕ್ಷರವನ್ನೂ ಮುಟ್ಟಿಲ್ಲ. ಸಭೆಯಲ್ಲೇ ಆಶುವಾಗಿ ಪದ್ಯ ಕಟ್ಟುವ ಅವಧಾನಿಗಳು ಹೀಗೇ ಹಿಂದಿನ ಸಾಲಿನ ತುದಿಯಲ್ಲಿ ಗಂಟು ಬಿಚ್ಚುವುದುಂಟು.

ಅಲಂಕಾರ ಯಾವುದು? 'ಕೋಪವೆಂಬ ಬೆಂಕಿ' ಅಂದಿದ್ದರೆ ರೂಪಕ. ಇಲ್ಲಿ ಕೋಪದ ಹೆಸರೇ ಇಲ್ಲ. ಉಪಮಾನವಾದ ಬೆಂಕಿ ಉಪಮೇಯವನ್ನು ಪೂರ್ತಿ ನುಂಗಿದೆ. ಹಾಗಾಗಿ ಇದು ರೂಪಕಾತಿಶಯೋಕ್ತಿ. ಅತಿಶಯೋಕ್ತಿ ಅಂದರೆ ಸುಮ್ನೆ ಜಾಸ್ತಿ ಮಾಡಿ ಹೇಳುವುದು ಅಂತ ತುಂಬ ಜನ ತಿಳಿದಿದ್ದಾರೆ. ಅದರಲ್ಲಿ ಈ ಬಗೆಯೂ ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. 'ಅಗ್ನಿಪುತ್ರಿ' ಅನ್ನುವ ಹೆಸರೂ ಸುಮ್ಮನೆ ಬಂದದ್ದಲ್ಲ. ಯಜ್ಞಕುಂಡದಲ್ಲಿ ಹುಟ್ಟಿದ ದ್ರೌಪದಿಯ ಕಣ್ಣೀರಲ್ಲಿ ಬೆಂಕಿ ಇರುವುದು ಸಹಜವೇ ಅನ್ನಿಸುತ್ತದೆ. ಹೀಗೆ ಅಭಿಪ್ರಾಯ ಇಟ್ಟುಕೊಂಡು ಬಂದದ್ದು ವಿಶೇಷಣವಾದರೆ ಪರಿಕರ, ಇಲ್ಲಿಯಂತೆ ವಿಶೇಷ್ಯವೇ (ಹೆಸರೇ) ಆದರೆ ಪರಿಕರಾಂಕುರ ಅನ್ನುತ್ತಾರೆ.

ಮುಂದಿನ ಸಾಲು ಇದು. ಆದಿಪ್ರಾಸ 'ಣ', ಶ್ಲೇಷ (ಒಂದೇ ಪದಕ್ಕೆ ಎರಡು ಅರ್ಥ) ಇರಲೇಬೇಕು:

ಕಾಣದವನೇ ಬಣ್ಣ ತೋರಿಸಿದನು