ಮುರಕಲ್ಲಿನ ಹಳೆ ಮನೆಗೆ ಹೊಸ ಫೈಬರ್: ಓಎನ್‌ಟಿ, ರೂಟರ್ ಜೋಡಣೆ ಹೇಗೆ?

ಕಾಪುಕಡಲು (ಪ್ರಶ್ನೆ)

ಕಾಪು ಹತ್ತಿರದ ಮನೆ. ಎದುರಿನ ಭಾಗ ಹಳೆಯದು: ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹೆಂಚಿನ ಮಾಡು. ಹಿಂದೆ ಸೇರಿಸಿದ ಎರಡು ಕೋಣೆ ಆರ್‌ಸಿಸಿ. ಹೊಸದಾಗಿ 200 ಎಂಬಿಪಿಎಸ್ ಫೈಬರ್ ಕನೆಕ್ಷನ್ ಆಗಿದೆ. ಕಂಪನಿಯವರು ಕೊಟ್ಟ ಓಎನ್‌ಟಿ (ಎಲ್ಲರೂ ಮೋಡೆಮ್ ಅನ್ನುವ ಬಿಳಿ ಡಬ್ಬ) ಚಾವಡಿಯಲ್ಲಿ ಉಂಟು. ಅದರ ವೈಫೈ ಸಾಲದು ಅಂತ ಬೇರೆ ಡ್ಯುಯಲ್ ಬ್ಯಾಂಡ್ ವೈಫೈ 6 ರೂಟರ್ ತಂದು ಓಎನ್‌ಟಿಯ ಎರಡನೇ ಲ್ಯಾನ್ (ಮನೆಯೊಳಗಿನ ಜಾಲದ) ಪೋರ್ಟಿಗೆ ಜೋಡಿಸಿದ್ದೇನೆ.

ಈಗ ಇರುವ ತೊಂದರೆ: ರೂಟರಿನ ಪಕ್ಕದಲ್ಲೇ ಕೂತರೂ ಸ್ಪೀಡ್ 94 ದಾಟುವುದಿಲ್ಲ. ಹಿಂದಿನ ಕೋಣೆಯಲ್ಲಿ 6–8 ಬಂದರೆ ಹೆಚ್ಚು. ಜೋರು ಮಳೆ ಬಂದಾಗ ಓಎನ್‌ಟಿಯಲ್ಲಿ ಕೆಂಪು ಲೈಟ್ ಮಿನುಗುತ್ತದೆ, ಆಮೇಲೆ ತಾನಾಗಿ ಸರಿಯಾಗುತ್ತದೆ. ಓಎನ್‌ಟಿಯ ಪೇಜಿನಲ್ಲಿ ಆರ್‌ಎಕ್ಸ್ ಪವರ್ (ಒಳಬರುವ ಬೆಳಕಿನ ಬಲ) ಮೈನಸ್ 26.8 ಡಿಬಿಎಂ ಅಂತ ತೋರಿಸುತ್ತದೆ. ಗೇಟಿನ ಸಿಸಿಟಿವಿಯನ್ನು ಹೊರಗಿನಿಂದ ನೋಡಲಿಕ್ಕೆ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಕೋರಿಕೆಯನ್ನು ಕ್ಯಾಮರಾಕ್ಕೆ ದಾಟಿಸುವ ಸೆಟ್ಟಿಂಗ್) ಮಾಡಿದರೂ ತೆರೆಯುವುದಿಲ್ಲ. ಯಾವುದರಿಂದ ಶುರು ಮಾಡಬೇಕು?

ತಂತಿಜೋಡಣೆ

94 ಅಂಕಿ ಕಂಡ ಮೇಲೆ ವೈಫೈಯನ್ನು ಸಂಶಯಿಸುವುದು ಬೇಡ. 100 ಎಂಬಿಪಿಎಸ್ ಲಿಂಕಿನಲ್ಲಿ ಹೆಡರುಗಳ ಪಾಲು ಹೋಗಿ ಕೈಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಓಎನ್‌ಟಿಗೂ ರೂಟರಿಗೂ ನಡುವೆ ಗಿಗಾಬಿಟ್ ಲಿಂಕ್ ಆಗಿಲ್ಲ ಅಂತ ಅರ್ಥ. ಹೆಚ್ಚಾಗಿ ಕಾರಣ ಎರಡು. ಒಂದು, ಕಡಿಮೆ ಬೆಲೆಯ ಓಎನ್‌ಟಿಗಳಲ್ಲಿ ಒಂದನೇ ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100ರವು. ಡಬ್ಬದ ಹಿಂದೆ ಪೋರ್ಟಿನ ಹೆಸರಿನಲ್ಲಿ ಜಿಇ (ಗಿಗಾಬಿಟ್), ಎಫ್‌ಇ (100ರದ್ದು) ಅಂತ ಬೇರೆ ಬೇರೆ ಬರೆದಿದ್ದರೆ ಇದೇ ಕತೆ. ನೀವು ಎರಡನೆಯದಕ್ಕೆ ಚುಚ್ಚಿದ್ದೀರಿ, ಮೊದಲು ಒಂದನೆಯದಕ್ಕೆ ಬದಲಿಸಿ ನೋಡಿ. ಎರಡು, ಕೇಬಲ್. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಉಳಿದೆರಡು ಜೋಡಿಗಳಲ್ಲಿ ಒಂದರ ಸಂಪರ್ಕ ತಪ್ಪಿದರೂ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ, ಎಲ್ಲಿಯೂ ದೋಷ ಅಂತ ತೋರಿಸುವುದಿಲ್ಲ. ಕಡಲ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಆರ್‌ಜೆ45 ಪಿನ್ನುಗಳಲ್ಲಿ ಹಸಿರು ಕಿಲುಬು ಕೂರುತ್ತದೆ, ಅದನ್ನೂ ನೋಡಿ.

ಮಳೆಯ ವಿಷಯ ಇದಕ್ಕಿಂತ ಮುಖ್ಯ. ಮೈನಸ್ 26.8 ಅಂದರೆ ಅಂಚಿನಲ್ಲಿ ನಿಂತಿದೆ. ಸಾಮಾನ್ಯ ಬಿ ಪ್ಲಸ್ ದರ್ಜೆಯ ಜಿಪಾನ್ (ಒಂದು ಫೈಬರನ್ನು ಹಲವು ಮನೆಗೆ ಹಂಚುವ ವ್ಯವಸ್ಥೆ) ಓಎನ್‌ಟಿಗೆ ಮೈನಸ್ 27ರವರೆಗೆ ಗ್ಯಾರಂಟಿ. ಮೈನಸ್ 15ರಿಂದ 24ರ ಒಳಗೆ ಇದ್ದರೆ ನಿಶ್ಚಿಂತೆ. ಇದು ಲಾಗರಿದಮ್ ಲೆಕ್ಕ: 3 ಡಿಬಿ ಕಡಿಮೆಯಾದರೆ ಬೆಳಕು ಅರ್ಧಕ್ಕೆ ಇಳಿಯಿತು. ನಿಮ್ಮಲ್ಲಿ ಅರ್ಧ ಡಿಬಿ ಹೋದರೂ ಲೈನ್ ಬೀಳಬಹುದು.

ಎಲ್ಲಿ ಸೋರುತ್ತದೆ ಅಂತ ಹುಡುಕುವುದು ಹೀಗೆ. ಫೈಬರ್ ತಾನಾಗಿ ಹೆಚ್ಚು ಕಳೆಯುವುದಿಲ್ಲ, ಒಂದು ಕಿಲೋಮೀಟರಿಗೆ 0.35 ಡಿಬಿಯ ಹತ್ತಿರ. ಸರಿಯಾಗಿ ಮಾಡಿದ ಫ್ಯೂಷನ್ ಸ್ಪ್ಲೈಸ್‌ನಲ್ಲಿ (ತುದಿ ಕರಗಿಸಿ ಬೆಸೆದ ಜೋಡಣೆಯಲ್ಲಿ) 0.1ಕ್ಕಿಂತ ಕಡಿಮೆ. ಸ್ಪ್ಲಿಟರಿನಲ್ಲಿ ಹೋಗುವುದೇ ದೊಡ್ಡದು: ಎಂಟು ಮನೆಗೆ ಹಂಚುವುದರಲ್ಲಿ ಸುಮಾರು 10.5, ಮೂವತ್ತೆರಡಕ್ಕೆ ಹಂಚುವುದರಲ್ಲಿ ಸುಮಾರು 17. ಅದು ಲೆಕ್ಕದಲ್ಲಿ ಸೇರಿದ್ದೇ. ಲೆಕ್ಕಕ್ಕೆ ಸಿಗದ ನಷ್ಟ ಆಗುವುದು ಕಂಬದ ಡಬ್ಬಿಯಲ್ಲಿ, ಮಾಡಿನ ಅಂಚಿನಲ್ಲಿ ಒತ್ತಿ ಕೂರಿಸಿದ ಮೆಕ್ಯಾನಿಕಲ್ ಜಾಯಿಂಟಿನಲ್ಲಿ ಮತ್ತು ಗೋಡೆಯ ಮೂಲೆಯ ಮಡಿಕೆಯಲ್ಲಿ. ಜಾಯಿಂಟಿಗೆ ನೀರು ಇಳಿದರೆ, ಗಾಳಿಗೆ ಕೇಬಲ್ ಜೋತಾಡಿ ಮಡಿಕೆ ಬಿಗಿಯಾದರೆ, ತೆಂಗಿನ ಮಡಲು ಬಿದ್ದು ಎಳೆದಿದ್ದರೆ ಮಳೆ ಬಂದಾಗ ಮಾತ್ರ ಲಾಸ್ (LOS, ಸಿಗ್ನಲ್ ತಪ್ಪಿದೆ ಅನ್ನುವ) ಲೈಟ್ ಕೆಂಪಾಗುವುದು ಸಹಜ.

ನೀವು ನೋಡಬಹುದಾದ್ದು ಮನೆಯೊಳಗಿನದ್ದು ಮಾತ್ರ. ಹಳದಿ ಪ್ಯಾಚ್ ಕಾರ್ಡನ್ನು 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಸಣ್ಣ ಸುತ್ತು ಮಾಡಬೇಡಿ, ಕೇಬಲ್ ಟೈ ಹಾಕಿ ಬಿಗಿಯಬೇಡಿ. ಕನೆಕ್ಟರಿನ ಬಣ್ಣ ನೋಡಿ: ಹಸಿರು ಎಪಿಸಿ, ತುದಿ ಓರೆ. ನೀಲಿ ಯುಪಿಸಿ, ತುದಿ ನೇರ. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಕೂರುತ್ತದೆ, ಬೆಳಕೂ ಬರುತ್ತದೆ, ಆದರೆ ತುದಿಗಳು ಸರಿಯಾಗಿ ಮುಟ್ಟದೆ ಹಲವು ಡಿಬಿ ನಷ್ಟ. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಅಂಗಿಯಿಂದ ಒರೆಸಬೇಡಿ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒಂದೇ ದಿಕ್ಕಿಗೆ ಒರೆಸಿ. ಕಣ್ಣು ಹತ್ತಿರ ಇಟ್ಟು ಇಣುಕುವುದಂತೂ ಬೇಡವೇ ಬೇಡ, ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ಉಳಿದದ್ದಕ್ಕೆ ದೂರು ಕೊಡಿ. "ಸ್ಲೋ ಉಂಟು" ಅಂತ ಹೇಳಿದರೆ ಓಎನ್‌ಟಿ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. "ಆರ್‌ಎಕ್ಸ್ ಮೈನಸ್ 26.8, ಮಳೆಗೆ ಲಾಸ್ ಬರುತ್ತದೆ, ಕಂಬದ ಡಬ್ಬಿಯಲ್ಲಿ ಪವರ್ ಮೀಟರ್ ಇಟ್ಟು ಅಳೆಯಿರಿ, ಹೊರಗಿನ ಜಾಯಿಂಟನ್ನು ಫ್ಯೂಷನ್ ಮಾಡಿಕೊಡಿ" ಅಂತ ಸ್ಕ್ರೀನ್‌ಶಾಟ್ ಸಮೇತ ಬರೆಯಿರಿ. ಕಂಬದಲ್ಲಿ ಮೈನಸ್ 21 ಇದ್ದು ಮನೆಯಲ್ಲಿ ಮೈನಸ್ 26 ಬಂದರೆ ತಪ್ಪು ಆ ನಡುವಿನ ತುಂಡಿನಲ್ಲೇ ಉಂಟು.

ಹಸಿರುದೀಪ

ಲೈಟಿನ ಬಗ್ಗೆ ಒಂದು ಸೇರಿಸುತ್ತೇನೆ. ಲಾಸ್ ಕೆಂಪು ಅಂದರೆ ಬೆಳಕೇ ಬರುತ್ತಿಲ್ಲ, ಇಲ್ಲವೇ ಸಾಲದಷ್ಟು ಕಡಿಮೆ ಬರುತ್ತದೆ. ಲಾಸ್ ಆರಿದ್ದು ಪಾನ್ (PON) ಲೈಟ್ ಮಾತ್ರ ಮಿನುಗುತ್ತಿದ್ದರೆ ಬೆಳಕು ಬರುತ್ತದೆ, ಆದರೆ ಕಂಪನಿಯ ಕಡೆಯಲ್ಲಿ ನೋಂದಣಿ ಆಗಿಲ್ಲ. ಎರಡರ ದೂರೂ ಬೇರೆ, ಬರುವ ಜನವೂ ಬೇರೆ.

ಇನ್ನು ಸೆಟ್ಟಿಂಗ್. ನಿಮ್ಮಲ್ಲಿ ಈಗ ಓಎನ್‌ಟಿಯೂ ರೂಟರ್ ಕೆಲಸ ಮಾಡುತ್ತದೆ, ಹೊಸ ಡಬ್ಬವೂ ಮಾಡುತ್ತದೆ. ನ್ಯಾಟ್ (ಮನೆಯೊಳಗಿನ ವಿಳಾಸಗಳನ್ನು ಒಂದು ಹೊರವಿಳಾಸಕ್ಕೆ ಬದಲಿಸುವುದು) ಎರಡು ಸಲ. ಎರಡರ ವಿಳಾಸವೂ 192.168.1.1 ಆಗಿದ್ದರೆ ವೈಫೈ ಸಿಗುತ್ತದೆ, ಇಂಟರ್ನೆಟ್ ಮಾತ್ರ ಸರಿಯಾಗಿ ಬರುವುದಿಲ್ಲ.

ಮನೆಯವರೇ ಮಾಡಿಕೊಳ್ಳುವುದಾದರೆ ಸುಲಭದ ದಾರಿ, ಹೊಸ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ (ಎಪಿ, ಅಂದರೆ ಬರೀ ವೈಫೈ ಕೊಡುವ) ಮೋಡಿಗೆ ಹಾಕುವುದು. ಆ ಮೋಡ್ ಇಲ್ಲದ ರೂಟರಾದರೆ: ಲ್ಯಾಪ್‌ಟಾಪನ್ನು ರೂಟರಿಗೆ ಮಾತ್ರ ಜೋಡಿಸಿ, ಅದರ ಲ್ಯಾನ್ ವಿಳಾಸ 192.168.1.2 ಮಾಡಿ, ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಸೇವ್ ಕೊಡಿ. ಆಮೇಲೆ ಓಎನ್‌ಟಿಯಿಂದ ಬಂದ ಕೇಬಲನ್ನು ರೂಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಓಎನ್‌ಟಿಯ ಡಿಎಚ್‌ಸಿಪಿ ಪಟ್ಟಿ 192.168.1.10ರಿಂದ ಶುರುವಾಗುವಂತೆ ಬದಲಿಸಿ, ಇಲ್ಲದಿದ್ದರೆ ಅದು 1.2ನ್ನು ಯಾವುದಾದರೂ ಫೋನಿಗೆ ಕೊಟ್ಟುಬಿಡುತ್ತದೆ. ಓಎನ್‌ಟಿಯ ವೈಫೈ ಆಫ್ ಮಾಡಿ.

ಇನ್ನೊಂದು ದಾರಿ ಬ್ರಿಜ್ ಮೋಡ್: ಓಎನ್‌ಟಿ ಬರೀ ದಾಟಿಸುತ್ತದೆ, ಪಿಪಿಪಿಒಇ (ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಹೊಸ ರೂಟರಿನಲ್ಲಿ ಕೂರುತ್ತವೆ. ಒಳ್ಳೆಯ ರೂಟರಿಗೆ ಇದೇ ಸರಿ, ಆದರೆ ವಿಲ್ಯಾನ್ ನಂಬರನ್ನು (ಲೈನಿನಲ್ಲಿ ಇಂಟರ್ನೆಟ್ಟಿನ ಪಾಲನ್ನು ಗುರುತಿಸುವ ಸಂಖ್ಯೆ) ಕಂಪನಿಯಿಂದ ಕೇಳಿಟ್ಟುಕೊಳ್ಳದೆ ಕೈಹಾಕಬೇಡಿ. ವ್ಯಾನ್ ಪೇಜಿನ ಪ್ರತಿ ಪರದೆಯ ಫೋಟೊ ಮೊದಲು ತೆಗೆಯಿರಿ. ಓಎನ್‌ಟಿಗೆ ಲ್ಯಾಂಡ್‌ಲೈನ್ ಫೋನೂ ಸೇರಿದ್ದರೆ ಅದಕ್ಕೆ ಬೇರೆ ಪ್ರೊಫೈಲ್ ಇರುತ್ತದೆ, ಅದನ್ನು ಅಳಿಸಿದರೆ ಫೋನ್ ಸಾಯುತ್ತದೆ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492 ಇಡಿ, ಏಕೆಂದರೆ 1500ರಲ್ಲಿ 8 ಬೈಟ್ ಪಿಪಿಪಿಒಇಗೆ ಹೋಗುತ್ತದೆ. ಇದು ತಪ್ಪಿದಾಗ ಕೆಲವು ಸೈಟುಗಳು ಸರಾಗ, ಕೆಲವು ಅರ್ಧ ತೆರೆದು ಅಲ್ಲೇ ನಿಲ್ಲುತ್ತವೆ. ಜನ ಸೈಟಿನ ಮೇಲೆ ತಪ್ಪು ಹೊರಿಸುತ್ತಾರೆ.

ಓಎನ್‌ಟಿಯ ರಿಸೆಟ್ ತೂತಿಗೆ ಪಿನ್ ಹಾಕಲೇಬೇಡಿ ಮಾರಾಯ್ರೆ. ರೂಟರಿನದ್ದು ಒತ್ತಿದರೆ ಅರ್ಧ ಗಂಟೆಯ ಕೆಲಸ. ಓಎನ್‌ಟಿಯದ್ದು ಒತ್ತಿದರೆ ಕಂಪನಿಯವರು ತುಂಬಿದ್ದೆಲ್ಲ ಅಳಿಸಿ, ಅವರು ಬರುವವರೆಗೆ ಕಾಯಬೇಕಾದೀತು.

ಸಿಸಿಟಿವಿ: ಓಎನ್‌ಟಿಯ ವ್ಯಾನ್ ವಿಳಾಸ ನೋಡಿ. 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಒಂದೇ ಹೊರವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಆಗ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಪ್ರಯೋಜನ ಇಲ್ಲ. ಕ್ಯಾಮರಾ ಕಂಪನಿಯ ಆ್ಯಪ್ ಬಳಸಿ, ಇಲ್ಲವೇ ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ ಹೊರವಿಳಾಸ) ಕೇಳಿ. ಡಿವಿಆರ್‌ಗೆ (ಕ್ಯಾಮರಾದ ರೆಕಾರ್ಡರಿಗೆ) ಅಂಗಡಿಯವರು ಇಟ್ಟ ಪಾಸ್‌ವರ್ಡನ್ನು ಮಾತ್ರ ಮೊದಲು ಬದಲಿಸಿ.

ಪಕ್ಕಾಸು

ಹಿಂದಿನ ಕೋಣೆಗೆ ರಿಪೀಟರ್ ತರಬೇಡಿ. ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ತಿರುಗಿ ಹೇಳುವುದರಿಂದ ಸ್ಪೀಡ್ ಅರ್ಧವಾಗುತ್ತದೆ, ಅದೂ ಸಿಗ್ನಲ್ ಚೆನ್ನಾಗಿ ಸಿಗುವ ಜಾಗದಲ್ಲಿ ಇಟ್ಟರೆ. ಮುಕ್ಕಾಲು ಅಡಿ ದಪ್ಪದ ಮುರಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಮುಗಿದೇ ಹೋಗಿರ್ತದೆ. ಮಳೆಗಾಲದಲ್ಲಿ ಕಲ್ಲು ನೀರು ಕುಡಿದ ಮೇಲೆ ಇನ್ನೂ ಕಷ್ಟ. ವೈರ್‌ಲೆಸ್ ಮೆಶ್‌ಗೂ ದಾಟಬೇಕಾದ್ದು ಅದೇ ಗೋಡೆ.

ಕೇಬಲ್ ಎಳೆಯಿರಿ. ಪೂರ್ತಿ ತಾಮ್ರದ ಕ್ಯಾಟ್ 6 ಕೇಳಿ ತೆಗೆದುಕೊಳ್ಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂನದ್ದು ಅಗ್ಗಕ್ಕೆ ಸಿಗ್ತದೆ, ಹಗುರ ಇರ್ತದೆ, ಬಗ್ಗಿಸಿದಲ್ಲಿ ತುಂಡಾಗ್ತದೆ. 100 ಮೀಟರಿನವರೆಗೆ ತೊಂದರೆ ಇಲ್ಲ. ಹಳೆ ಭಾಗದಲ್ಲಿ ಗೋಡೆ ಕೊರೆಯುವ ಬದಲು ಮಾಡಿನ ಅಡಿಯಲ್ಲಿ ಪಕ್ಕಾಸಿನ (ಹೆಂಚು ಹೊರುವ ಮರದ) ಗುಂಟ ಪಿವಿಸಿ ಪೈಪಿನಲ್ಲಿ ತನ್ನಿ. ಪೈಪ್ ಯಾಕೆ ಅಂದರೆ ಇಲಿ. ಕರೆಂಟಿನ ವಯರಿನ ಜೊತೆ ಒಂದೇ ಪೈಪಿಗೆ ತುರುಕಬೇಡಿ. ಹೊರಗೋಡೆಯಲ್ಲಿ ತೂತು ಮಾಡಲೇಬೇಕಾದರೆ ಒಳಗಿನಿಂದ ಹೊರಕ್ಕೆ ಇಳಿಜಾರು ಬರುವ ಹಾಗೆ ಕೊರೆಯಿರಿ, ಕೇಬಲ್ ಹೊರಗೆ ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೆ ಬಂದು ತೂತಿಗೆ ಹೋಗಲಿ. ಇಲ್ಲದಿದ್ದರೆ ನೀರು ಕೇಬಲ್ ಹಿಡಿದುಕೊಂಡು ಒಳಗೇ ಬರ್ತದೆ.

ಕೇಬಲಿನ ತುದಿಯಲ್ಲಿ ಹಿಂದಿನ ಕೋಣೆಗೆ ಹೊಸ ರೂಟರನ್ನೇ ಎಪಿ ಮಾಡಿ ಇಡಿ, ಚಾವಡಿಗೆ ಓಎನ್‌ಟಿಯ ವೈಫೈ ಸಾಕಾಗಬಹುದು. ಹಾಗೆ ಮಾಡುವುದಾದರೆ ಹಸಿರುದೀಪ ಹೇಳಿದಂತೆ ಓಎನ್‌ಟಿಯ ವೈಫೈ ಆಫ್ ಮಾಡುವುದು ಬೇಡ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಚಾನೆಲ್ ಮಾತ್ರ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11, ಅಗಲ 20 ಮೆಗಾಹರ್ಟ್ಸ್. 5 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149, ಅಗಲ 80. ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಸೇರಿಸುವುದು) ಆಫ್. ಹಳೆ ಪ್ರಿಂಟರ್ ಇದ್ದರೆ ವೈಫೈ ಭದ್ರತೆಯನ್ನು ಡಬ್ಲ್ಯುಪಿಎ2, 3 ಮಿಶ್ರ ಇಡಿ. ಫೋನಿನಲ್ಲಿ ವೈಫೈ ಅಳೆಯುವ ಆ್ಯಪ್ ಹಾಕಿ ನೋಡಿ: ಮೈನಸ್ 65 ಡಿಬಿಎಂಗಿಂತ ಒಳ್ಳೆಯದಿದ್ದರೆ ಖುಷಿ, ಮೈನಸ್ 80 ಆದರೆ ವಿಡಿಯೊ ಕಾಲ್ ಆಸೆ ಬಿಡಿ.

ಓಎನ್‌ಟಿಯನ್ನು ಚಂದ ಕಾಣ್ಲಿ ಅಂತ ಕಬ್ಬಿಣದ ಪೆಟ್ಟಿಗೆಯೊಳಗೆ ಇಡುವವರಿದ್ದಾರೆ. ವೈಫೈಯೂ ಹೋಗ್ತದೆ, ಬಿಸಿಗೆ ಡಬ್ಬವೂ ಹೋಗ್ತದೆ.

ಕಾಪುಕಡಲು

ಒಂದನೇ ಪೋರ್ಟಿಗೆ ಹಾಕಿದ ಕೂಡಲೇ 94ರ ಮಿತಿ ಹೋಯಿತು. ಜಾಯಿಂಟಿನ ದೂರು ಕೊಟ್ಟಿದ್ದೇನೆ. ಇನ್ನೊಂದು ಪ್ರಶ್ನೆ: ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಏನು ಮಾಡುವುದು? ಫೈಬರ್‌ಗೆ ಸಿಡಿಲು ತಾಗುವುದಿಲ್ಲ ಅನ್ನುತ್ತಾರೆ. ಕರೆಂಟ್ ಹೋದಾಗ ನಡೆಯಲಿಕ್ಕೆ ಮಿನಿ ಯುಪಿಎಸ್ ತರಬೇಕು ಅಂತಲೂ ಉಂಟು. ಓಎನ್‌ಟಿ ಅಡಾಪ್ಟರ್ 12 ವೋಲ್ಟ್ 1 ಆಂಪ್, ರೂಟರಿನದ್ದು 12 ವೋಲ್ಟ್ 1.5 ಆಂಪ್.

ತಂತಿಜೋಡಣೆ

ಗಾಜಿನ ಎಳೆಗೆ ತಾಗುವುದಿಲ್ಲ, ನಿಜ. ಆದರೆ ಕಂಬದಿಂದ ಬರುವ ಡ್ರಾಪ್ ಕೇಬಲಿನಲ್ಲಿ ಹೆಚ್ಚಾಗಿ ಎಳೆತಕ್ಕೆ ಉಕ್ಕಿನ ತಂತಿ ಇರುತ್ತದೆ. ಆ ಉಕ್ಕು ಮಾಡಿನ ಹೊರಗಿನ ಕೊಕ್ಕೆಯಲ್ಲೇ ನಿಲ್ಲಬೇಕು, ಓಎನ್‌ಟಿಯವರೆಗೆ ಬರಬಾರದು. ಜಾಯಿಂಟ್ ಮಾಡಲು ಬಂದವರ ಹತ್ತಿರ ಅದನ್ನು ಅಲ್ಲೇ ಕತ್ತರಿಸಿಸಿ. ಹೆಚ್ಚಿನ ಓಎನ್‌ಟಿಗಳು ಸಾಯುವುದು ಅಡಾಪ್ಟರಿನಿಂದ ಬಂದ ಹೊಡೆತಕ್ಕೆ ಮತ್ತು ಅಂಗಳಕ್ಕೆ ಹೋದ ಲ್ಯಾನ್ ಕೇಬಲಿನಿಂದ. ಸರ್ಜ್ ಪ್ರೊಟೆಕ್ಟರ್ ಕೆಲಸ ಮಾಡಲಿಕ್ಕೆ ಅರ್ತಿಂಗ್ ಬೇಕು. ನಮ್ಮ ಮುರ ಮಣ್ಣು ಒಣಗಿದಾಗ ವಿದ್ಯುತ್ತನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ಸಿಡಿಲು ಬರುವುದು ಮಳೆ ಹಿಡಿಯುವ ಮೊದಲು, ಮಣ್ಣು ಪೂರ್ತಿ ಒಣಗಿರುವ ಹೊತ್ತಿಗೇ. ಆದ್ದರಿಂದ ಮಾರ್ಚಿನಿಂದಲೇ ಅರ್ತ್ ಗುಂಡಿಗೆ ನೀರು ಹಾಕಿ.

ಗೇಟಿನ ಕ್ಯಾಮರಾಕ್ಕೆ ತಾಮ್ರದ ಲ್ಯಾನ್ ಬದಲು ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಬೆಳಕನ್ನು ಲ್ಯಾನ್ ಸಿಗ್ನಲಿಗೆ, ಅದನ್ನು ಬೆಳಕಿಗೆ ಬದಲಿಸುವ ಡಬ್ಬ) ಹಾಕುವುದು ಒಳ್ಳೆಯದು. ಉಕ್ಕಿಲ್ಲದ ಕೇಬಲ್ ಅಂತ ಕೇಳಿ ತನ್ನಿ.

ಮಿನಿ ಯುಪಿಎಸ್: ಎರಡನ್ನೂ ಒಂದಕ್ಕೆ ಹಾಕುವುದಾದರೆ 12 ವೋಲ್ಟಿನಲ್ಲಿ 2.5 ಆಂಪ್‌ಗಿಂತ ಹೆಚ್ಚು ಕೊಡುವುದು ಬೇಕು. 2 ಆಂಪಿನದ್ದಕ್ಕೆ ಎರಡನ್ನೂ ಹಾಕಿದರೆ ಆನ್ ಆಗುವಾಗ ರೂಟರ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗಬಹುದು. ಪಿನ್ನಿನ ದಪ್ಪ, ನಡುವೆ ಪ್ಲಸ್ ಇದೆಯೇ ಎಂಬುದನ್ನು ಅಡಾಪ್ಟರಿನ ಚಿತ್ರದಲ್ಲಿ ನೋಡಿ. 2000 ಎಂಎಎಚ್‌ನ ಮೂರು ಸೆಲ್ ಇದ್ದರೆ 22 ವ್ಯಾಟ್ ಅವರ್. ಎರಡೂ ಸೇರಿ 14 ವ್ಯಾಟ್ ಎಳೆದರೆ ಪರಿವರ್ತನೆಯ ನಷ್ಟ ಕಳೆದು ಒಂದೂಕಾಲು ಗಂಟೆ. ಡಬ್ಬದ ಮೇಲಿನ "8 ಗಂಟೆ" ನಂಬಬೇಡಿ. ಹಿಂದಿನ ಕೋಣೆಯ ರೂಟರಿಗೆ ಹೇಗೂ ಬೇರೆಯೇ ಬೇಕಾಗುತ್ತದೆ, ಹಾಗಾಗಿ ಸಣ್ಣದು ಎರಡು ತರುವುದು ಸರಿ.

ಇದರಿಂದ ಸಿಡಿಲಿಗೂ ಉಪಾಯ ಸಿಗುತ್ತದೆ: ಗುಡುಗು ದೂರದಲ್ಲಿ ಕೇಳಿದಾಗಲೇ ಯುಪಿಎಸ್ಸಿನ ಪಿನ್ ಗೋಡೆಯಿಂದ ಕೀಳಿ. ಬ್ಯಾಟರಿಯಲ್ಲಿ ಇಂಟರ್ನೆಟ್ ನಡೆಯುತ್ತದೆ, ಕರೆಂಟಿನ ಲೈನಿಗೂ ಓಎನ್‌ಟಿಗೂ ಸಂಬಂಧ ತಪ್ಪುತ್ತದೆ. ಸ್ಪ್ಲಿಟರಿಗೆ ಕರೆಂಟೇ ಬೇಡ, ಆಚೆ ತುದಿಯಲ್ಲಿ ಬ್ಯಾಟರಿ ಇದ್ದರೆ ಲೈನ್ ಇರುತ್ತದೆ.

ಪಕ್ಕಾಸು

ಒಂದು ತಿದ್ದುಪಡಿ. ಚಾವಡಿಯ ಪಿನ್ ಮಾತ್ರ ಕಿತ್ತರೆ ಸಾಲದು. ಹಿಂದಿನ ಕೋಣೆಯ ರೂಟರ್ ಗೋಡೆಯ ಪ್ಲಗ್ಗಿನಲ್ಲೇ ಇದ್ದರೆ ಹೊಡೆತ ಕ್ಯಾಟ್ 6 ಹಿಡಿದುಕೊಂಡು ಓಎನ್‌ಟಿಗೆ ಬರ್ತದೆ. ಡಿವಿಆರ್, ಟಿವಿ, ಡೆಸ್ಕ್‌ಟಾಪ್ ಕೇಬಲಿನಲ್ಲಿ ಸೇರಿದ್ದರೂ ಹಾಗೆಯೇ. ಪಿನ್ ಕಿತ್ತ ಕೂಡಲೇ ಓಎನ್‌ಟಿಯಿಂದ ಲ್ಯಾನ್ ಕೇಬಲ್‌ಗಳನ್ನೂ ಎಳೆದು ಬದಿಗಿಡಿ. ಯಾವುದು ಯಾವ ಪೋರ್ಟಿನದ್ದು ಅಂತ ಕೇಬಲಿಗೆ ಚೀಟಿ ಅಂಟಿಸಿಡಿ, ಇಲ್ಲದಿದ್ದರೆ ಮಳೆ ನಿಂತ ಮೇಲೆ ಯಾರಾದರೂ ಪುನಃ ಎರಡನೇ ಪೋರ್ಟಿಗೇ ಚುಚ್ಚುತ್ತಾರೆ.